ಇಲ್ಲ ಅಂದದ್ದರ ಲೆಕ್ಕ

ಕೊಟ್ಟೂರಿನಲ್ಲಿ ನಮ್ಮದೊಂದು ಪುಟ್ಟ ಕಿರಾಣಿ ಅಂಗಡಿ. ಮಾಘ ಬಹುಳದಲ್ಲಿ ಗುರು ಕೊಟ್ಟೂರೇಶ್ವರನ ತೇರು. ಪಾದಯಾತ್ರೆಯ ಜನ ಊರು ತುಂಬುತ್ತಾರೆ. ಮದುವೆಯಾಗಿ ಬಂದ ವರ್ಷ ಹುರುಪಿನಲ್ಲಿ ಬಳೆ ಅಡವಿಟ್ಟು, ದಾವಣಗೆರೆಯ ಭಟ್ಟಿಯಿಂದ ಹತ್ತು ಚೀಲ ಮಂಡಕ್ಕಿ ತರಿಸಿದೆ. ನಾಲ್ಕು ಚೀಲ ಮೆತ್ತಗಾಗಿ ಉಳಿದವು. ಊದಿನಕಡ್ಡಿ ಮಾತ್ರ ಮಧ್ಯಾಹ್ನಕ್ಕೇ ಖಾಲಿ!

ಅತ್ತೆ ಬೈಯಲಿಲ್ಲ. "ಬರೇ ಮಾರಿದ್ದಲ್ಲವ್ವಾ, ಇಲ್ಲಂತ ವಾಪಸ್ ಕಳಿಸಿದ್ದನ್ನೂ ಬರಕೋ" ಅಂದರು.

ಅಂದಿನಿಂದ ಎರಡನ್ನೂ ಬರೆದಿಡುತ್ತೇನೆ. ತೇರು ಎಳೆಯುವುದು ಮೂಲಾ ನಕ್ಷತ್ರಕ್ಕೆ. ಹಾಗಾಗಿ ಲೆಕ್ಕವೂ ತಾರೀಖಿಗಲ್ಲ, ನಕ್ಷತ್ರಕ್ಕೆ. ಮಳೆ ಕೈಕೊಟ್ಟ ವರ್ಷ ಒಂದು ಚೀಲ ಕಡಿಮೆ. ಎರಡನೇ ಜಾತ್ರೆಗೆ ಬಳೆ ಕೈಗೆ ಬಂದವು.

"ದೊಡ್ಡ ಕಂಪನಿಗಳಲ್ಲಿ ಇದಕ್ಕೇ ಸಂಬಳ ಕೊಡ್ತಾರಮ್ಮ, ಡಿಮ್ಯಾಂಡ್ ಪ್ಲಾನರ್ ಅಂತ" ಎಂದು ಮಗಳು ನಗುತ್ತಾಳೆ. ಅತ್ತೆಗೆ ಯಾರೂ ಸಂಬಳ ಕೊಡಲಿಲ್ಲ. ಅವರ ಮಾತು ನನ್ನ ಪುಸ್ತಕದ ಮೊದಲ ಪುಟದಲ್ಲಿದೆ.