ತೀರ್ಥನ್ ಕಣಿವೆಯಲ್ಲಿ ತೂಗಿದ ಹೊರೆ

ಹಿಮಾಲಯವೆಂದೊಡನೆ ಶ್ರಾವಕರ ಮನಸ್ಸು ಭಗವಾನ್ ಋಷಭನಾಥರ ಅಷ್ಟಾಪದದತ್ತ ಹರಿಯುವುದು ಸಹಜ. ಈಗ ನಮ್ಮ ಮನೆಗಳ ಯುವಕ ಯುವತಿಯರು ಅಲ್ಲಿಗೆ ಹೋಗುತ್ತಿರುವುದು ಮಾತ್ರ ಡೇರೆಯಲ್ಲಿ ತಂಗಿ ಬೆಟ್ಟದ ಹಾದಿಯನ್ನು ನಡೆಯುವುದಕ್ಕೆ. ಅಂತಹ ಅಪೇಕ್ಷೆಯಿಂದಲೇ ಕಳೆದ ಅಕ್ಟೋಬರಿನ ಮೊದಲ ವಾರ ನಾವು ಐವರು, ಚಾರಣದ ಅಭ್ಯಾಸವಿಲ್ಲದವರು, ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಗೆ ಹೋಗಿದ್ದೆವು. ಹೆಸರು ಕೇಳಿಯೇ ನಮ್ಮ ಹಿರಿಯರೊಬ್ಬರು ಒಪ್ಪಿದರೆಂಬುದನ್ನು ಮರೆಮಾಚಬೇಕಿಲ್ಲ.

ಕುಲ್ಲುವಿನ ಹೆದ್ದಾರಿಯನ್ನು ಔಟ್ ಸುರಂಗದ ಬಳಿ ಬಿಟ್ಟು, ಲಾರ್ಜಿ, ಬಂಜಾರ್ ಊರುಗಳನ್ನು ದಾಟಿದರೆ ಗುಶೈನಿ. ಅಲ್ಲಿಂದ ನದಿಯ ಪಕ್ಕದ ಕಾಲುದಾರಿಯಲ್ಲಿ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗಿನ ರೋಲಾ ಎಂಬ ತಂಗುದಾಣಕ್ಕೆ ಒಂದೇ ಹಗಲಿನಲ್ಲಿ ಸೇರಬಹುದು. ಹೊಸಬರಿಗೆ ತಕ್ಕ ದಾರಿ. ಉದ್ಯಾನದ ಪರವಾನಗಿ ಕಡ್ಡಾಯ. ಮಳೆಗಾಲದಲ್ಲಿ ಹೋಗಲಾಗದು, 2023ರ ಜುಲೈ ತಿಂಗಳಿನಲ್ಲಿ ಆ ಜಿಲ್ಲೆ ಪ್ರವಾಹಕ್ಕೆ ಸಿಕ್ಕಿ ಬಹಳ ನೊಂದಿತು.

ಗುಶೈನಿಯಲ್ಲಿ ನಮ್ಮ ಸಾಮಾನು ಹೊರಲು ಮೂವರು ಸ್ಥಳೀಯರು ಬಂದರು. ಅವರಲ್ಲೊಬ್ಬರು ತಕ್ಕಡಿಯ ಕೊಂಡಿಗೆ ಚೀಲಗಳನ್ನು ಒಂದೊಂದಾಗಿ ತೂಗುಹಾಕಿದರು. ಅಡುಗೆಯ ಸಾಮಾನೇ ಐವತ್ತೆಂಟು ಕಿಲೋ. ಶುದ್ಧ ಆಹಾರಕ್ಕಾಗಿ ಮನೆಯಿಂದ ತಂದ ಪಾತ್ರೆಗಳು, ಕುಕ್ಕರು, ಹಿಟ್ಟು, ಎರಡು ಬಗೆಯ ಉಂಡೆ, ಚಕ್ಕುಲಿ, ಉಪ್ಪಿನಕಾಯಿಯ ಭರಣಿ. ಡೇರೆ, ಹಾಸಿಗೆಗಳು ಬೇರೆ. ಇನ್ನೊಬ್ಬ ಆಳು ಬೇಕು, ಅಥವಾ ಸಾಮಾನು ಇಳಿಯಬೇಕು ಎಂದು ಅವರು ಸಮಾಧಾನದಿಂದಲೇ ತಿಳಿಸಿದರು.

“ನಿಯಮ ಬಿಡುವುದಕ್ಕಾಗುತ್ತದೆಯೇ?” ಎಂದು ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಗ ಅವರ ಸೊಸೆ ಸೋಸುವ ಬಟ್ಟೆಯನ್ನು ತೆಗೆದು ಅದೇ ಕೊಂಡಿಗೆ ಹಾಕಿದಳು. ಮುಳ್ಳು ಕದಲಲಿಲ್ಲ. “ಮಾವನವರೇ, ನಿಯಮದ ತೂಕ ಇಷ್ಟೇ, ಉಳಿದದ್ದು ನಮ್ಮ ನಾಲಗೆಯದು” ಎಂದಳು. ಹಿರಿಯರು ಕ್ಷಣಕಾಲ ಸುಮ್ಮನಿದ್ದು, ತಾವೇ ಕೂತು ಭರಣಿಯಿಂದ ಮೊದಲ್ಗೊಂಡು ಒಂದೊಂದನ್ನೇ ಹೊರಗಿಟ್ಟರು. ಇಪ್ಪತ್ತೊಂದು ಕಿಲೋ ಇಳಿಯಿತು. ಅಪರಿಗ್ರಹದ ಮೇಲೆ ನಾನು ಕೇಳಿರುವ ಉಪನ್ಯಾಸಗಳು ಕಡಿಮೆಯಲ್ಲ. ಕಿಲೋ ಲೆಕ್ಕದಲ್ಲಿ ಅದನ್ನು ಕಂಡದ್ದು ಅಂದೇ. ಶ್ರವಣಬೆಳಗೊಳದಲ್ಲಾಗಲಿ ಶಿಖರಜಿಯಲ್ಲಾಗಲಿ ಡೋಲಿ ಹೊರುವವರನ್ನು ನಾವು ನೋಡುತ್ತಲೇ ಇರುತ್ತೇವೆ. ಅಲ್ಲಿ ಹೊರೆ ಮನುಷ್ಯನದಾದ್ದರಿಂದ ಕಣ್ಣಿಗೆ ಬೀಳುತ್ತದೆ. ಉಂಡೆಯ ಡಬ್ಬ ಯಾರ ಕಣ್ಣಿಗೂ ಬೀಳದು.

ಆ ಮೂವರ ಊರಿನ ಕಥೆಯನ್ನು ನಡೆಯುತ್ತಾ ಕೇಳಿದೆ. 1999ರಲ್ಲಿ ಉದ್ಯಾನದ ಅಂತಿಮ ಘೋಷಣೆಯಾದ ಮೇಲೆ ಒಳಕಾಡಿನಲ್ಲಿ ಕುರಿ ಮೇಯಿಸುವುದು, ಗಿಡಮೂಲಿಕೆ ಮತ್ತು ಗುಚ್ಛಿ ಎಂಬ ಅಣಬೆ ಆಯುವುದು ನಿಂತಿತು. ಜುಜುರಾಣಾ ಎಂದು ಅವರು ಕರೆಯುವ ಅಪರೂಪದ ಹಕ್ಕಿಗೂ ಕಸ್ತೂರಿ ಮೃಗಕ್ಕೂ ಅಭಯ ದೊರೆಯಿತು. 2014ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿ ಉದ್ಯಾನಕ್ಕೆ ಸ್ಥಾನವೂ ಬಂತು. ಜೀವದಯೆಯನ್ನು ಕೊಂಡಾಡುವ ನಮಗೆ ಇದು ಸಂತೋಷದ ಸಂಗತಿ. ಅದರ ಬೆಲೆಯ ಬಹುಪಾಲನ್ನು ತೆತ್ತವರು ನಮ್ಮ ಚೀಲ ಹೊತ್ತು ಮುಂದೆ ಹೋಗುತ್ತಿದ್ದರು. ಚಾರಣಿಗರ ಕೂಲಿ ಅವರಿಗೆ ಉಳಿದಿರುವ ಆದಾಯಗಳಲ್ಲೊಂದು. ಅದರಲ್ಲಿ ಚೌಕಾಸಿ ಮಾಡುವ ನಮ್ಮವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ರೋಲಾದಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಬೆಟ್ಟದ ಮರೆಗೆ ಸರಿದ. ಇದು ಅಸ್ತವೋ ಅಲ್ಲವೋ ಎಂದು ಸ್ವಲ್ಪ ಚರ್ಚೆ ನಡೆಯಿತು. ಪಂಚಾಂಗದ ಅಸ್ತಮಾನಕ್ಕೆ ಎರಡು ಘಳಿಗೆ ಮುನ್ನ, ಐದು ಗಂಟೆಯ ಸುಮಾರಿಗೆ, ರಾಜ್ಮಾ ಅನ್ನದ ಊಟ ಮುಗಿಯಿತು. ಸಾಮಾನು ಹೊತ್ತವರನ್ನೂ ಜೊತೆಯಲ್ಲೇ ಕೂರಿಸಿಕೊಂಡೆವು. ನೀರು ಸೋಸಿದ ಬಟ್ಟೆಯನ್ನು ಹಿರಿಯರು ಅದೇ ನೀರಿನಲ್ಲಿ ಮೆಲ್ಲನೆ ಜಾಲಿಸಿ ತಂದರು. ಕಿರಿಯರು ಬೆಂಕಿ ಹಾಕೋಣವೆಂದಾಗ, ಬಿದ್ದ ಮರದಲ್ಲಿ ಹುಳು ಹುಪ್ಪಟೆ ಮನೆ ಮಾಡಿರುತ್ತವೆ ಎಂದು ತಡೆದವರು ಆ ಊರಿನವರೇ.

ತೀರ್ಥಯಾತ್ರೆಯ ಜೊತೆಗೆ ಇಂತಹ ಪ್ರವಾಸಗಳನ್ನೂ ಏರ್ಪಡಿಸಬೇಕೆಂದಿರುವ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ಒಂದು ವಿನಂತಿ. ಹೊರಡುವ ಮುನ್ನವೇ ತಲೆಗಿಷ್ಟು ಕಿಲೋ ಎಂದು ಗೊತ್ತುಪಡಿಸಿ, ಮನೆಯಲ್ಲೇ ತೂಗಿಸಿ. ಕಂದಮೂಲ ವರ್ಜ್ಯವೆಂಬುದನ್ನು ಅಲ್ಲಿಯವರಿಗೆ ಮೊದಲೇ ತಿಳಿಸಿದರೆ ಬೇಳೆ, ರಾಜ್ಮಾ ಅಲ್ಲೇ ಸಿಗುತ್ತದೆ, ಊರಿಂದ ಹೊರಬೇಕಿಲ್ಲ. ಹೊರೆಯವರು ನಮ್ಮನ್ನು ಬೀಳ್ಕೊಟ್ಟು ತಮ್ಮ ಊರಿಗೆ ಹಿಂದಿರುಗುವ ದಿನದ ಕೂಲಿಯನ್ನೂ ಲೆಕ್ಕದಲ್ಲಿ ಸೇರಿಸಿ.