ಮಕ್ಕಳೊಂದಿಗೆ ಹಂಪಿಗೆ: ಹೊಳೆಯಾಚೆಯ ನಮ್ಮ ರಾಜಧಾನಿ

ದಸರಾ ರಜೆಯೋ ಬೇಸಿಗೆ ರಜೆಯೋ ಬಂತೆಂದರೆ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮನೆಮನೆಯಲ್ಲೂ ಒಂದೇ ಮಾತು: "ಹುಡುಗರಿಗೆ ಯಾವುದಾದರೂ ದೊಡ್ಡ ಊರು ತೋರಿಸಬೇಕು." ದೊಡ್ಡ ಊರೆಂದರೆ ಬೆಂಗಳೂರು, ಮೈಸೂರು, ಇಲ್ಲವೇ ಹೈದರಾಬಾದು. ಅದಕ್ಕೆ ರಾತ್ರಿಯಿಡೀ ಪ್ರಯಾಣ, ಲಾಡ್ಜಿನ ಖರ್ಚು. ಅಲ್ಲಿಂದ ಬಂದ ಮೇಲೆ ಮಕ್ಕಳಿಗೆ ಜ್ವರ, ನಮಗೆ ಸೊಂಟನೋವು.

ಆದರೆ ಒಂದು ಕಾಲಕ್ಕೆ ದೂರದೂರದ ದೇಶದವರು ದೊಡ್ಡ ಊರು ನೋಡಬೇಕೆಂದು ನಮ್ಮ ಕಡೆಗೇ ಬರುತ್ತಿದ್ದರು ಗೊತ್ತೆ? 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಬಂದ. 1520ರ ಸುಮಾರಿಗೆ ಪೋರ್ಚುಗೀಸರ ಡೊಮಿಂಗೊ ಪಾಯಸ್ ಬಂದ. ಈ ಊರು ರೋಮಿನಷ್ಟು ದೊಡ್ಡದೆಂದು ಬರೆದಿಟ್ಟ. ಅದೇ ವಿಜಯನಗರ, ನಮ್ಮ ಹಂಪಿ. ಗಂಗಾವತಿಯವರಿಗೆ ಹೊಳೆ ದಾಟಿದರೆ ಸಿಗುವ ಊರು.

"ಅಯ್ಯೋ, ಅಲ್ಲೇನಿದೆ? ಬರೀ ಕಲ್ಲು. ಸಣ್ಣ ಮಕ್ಕಳಿಗೆ ಏನು ತಿಳಿಯುತ್ತದೆ?" ಎನ್ನುವವರೇ ನಮ್ಮಲ್ಲಿ ಹೆಚ್ಚು. ಇಸವಿ, ರಾಜರ ಹೆಸರು ಹೇಳುತ್ತ ಹೋದರೆ ತಿಳಿಯುವುದಿಲ್ಲ, ನಿಜ. ಆದರೆ ಅದೂ ಮಂದಿ ಬಾಳಿದ ಊರು. ನೀರು ಎಲ್ಲಿಂದ ಬರುತ್ತಿತ್ತು, ಊಟ ಎಲ್ಲಿ ಮಾಡುತ್ತಿದ್ದರು, ಸಂತೆ ಎಲ್ಲಿ ಕೂಡುತ್ತಿತ್ತು ಎಂದು ನೋಡುತ್ತ ಹೋದರೆ ಐದು ವರ್ಷದ ಮಗುವೂ ಕಣ್ಣರಳಿಸುತ್ತದೆ. ಇದನ್ನು ತೋರಿಸಲು ಗೈಡೇ ಆಗಬೇಕೆಂದಿಲ್ಲ. ಮನೆ ನಡೆಸುವ ನಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು?

ಹೋಗುವುದು ಹೇಗೆ?

ಗಂಗಾವತಿಯವರು ಕಡೆಬಾಗಿಲು–ಬುಕ್ಕಸಾಗರದ ಸೇತುವೆ ದಾಟಿ ಹೋಗಬಹುದು. ಹೊಸಪೇಟೆಗೆ ಸುತ್ತು ಹಾಕಬೇಕಾಗಿಲ್ಲ. ಕೊಪ್ಪಳದವರಿಗೆ ಹೊಸಪೇಟೆಗೆ ರೈಲೂ ಉಂಟು, ಬಸ್ಸೂ ಉಂಟು. ಯಲಬುರ್ಗಾದವರು ಕೊಪ್ಪಳಕ್ಕೆ ಬಂದು ಅವರ ಜೊತೆಗೂಡಬಹುದು. ಕುಷ್ಟಗಿಯಿಂದ ಹೆದ್ದಾರಿ ಹಿಡಿದು ನೇರ ಹೊಸಪೇಟೆ. ಅಲ್ಲಿಂದ ಹಂಪಿ ಹದಿಮೂರು ಕಿಲೋಮೀಟರು. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲ. "ಖರ್ಚಾಗುತ್ತದೆ, ಮುಂದಿನ ವರ್ಷ ನೋಡೋಣ" ಎಂಬ ಮನೆಯವರ ಮಾತಿಗೆ ಇನ್ನು ಜೋರಿಲ್ಲ. ಆಧಾರ್ ಕಾರ್ಡು ಮಾತ್ರ ಮರೆಯಬೇಡಿ.

ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ನಿಮಗೆ ಹೇಳಬೇಕೆ? ಬಂಡೆಗಳು ಕಾದ ಹಂಚಾಗುತ್ತವೆ. ಬರಿಗಾಲಲ್ಲಿ ಗುಡಿಯ ಅಂಗಳ ದಾಟುವಾಗ ಮಕ್ಕಳು ಅಳುತ್ತಾರೆ. ಬೇಸಿಗೆಯಲ್ಲೇ ಹೋಗಬೇಕಾಗಿ ಬಂದರೆ ಬೆಳಿಗ್ಗೆ ಏಳಕ್ಕೆ ಅಲ್ಲಿರಿ, ಹನ್ನೊಂದಕ್ಕೆ ನೆರಳು ಸೇರಿ.

ಇನ್ನೊಂದು ಮಾತು. ಹಂಪಿಯ ಅವಶೇಷಗಳು ಸುಮಾರು ನಲವತ್ತು ಚದರ ಕಿಲೋಮೀಟರಿನಷ್ಟು ಹರಡಿವೆ. ದೂರದಿಂದ ಬಂದವರಿಗೆ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸುವ ಆತುರ. ನಮಗೆ ಆ ಹಂಗಿಲ್ಲ. ಒಂದು ದಿನಕ್ಕೆ ಮೂರು ಜಾಗ ಸಾಕು. ಉಳಿದದ್ದು ಮುಂದಿನ ರಜೆಗೆ. ಸಣ್ಣ ಮಕ್ಕಳ ಕಾಲಿಗೂ ಮನಸ್ಸಿಗೂ ಅಷ್ಟೇ ಹಿಡಿಸುತ್ತದೆ.

ಮೊದಲು ಕಮಲಾಪುರ

ನಾನಂತೂ ಮೊದಲು ಕಮಲಾಪುರದ ವಸ್ತುಸಂಗ್ರಹಾಲಯಕ್ಕೇ ಹೋಗಿರೆಂದು ಹೇಳುವೆ. ಅಲ್ಲಿ ಅಂಗಳದ ನಡುವೆ ಹಂಪಿಯ ಗುಡ್ಡ, ಹೊಳೆ, ಗುಡಿಗಳನ್ನೆಲ್ಲ ಚಿಕ್ಕದಾಗಿ ಮಾಡಿಟ್ಟಿದ್ದಾರೆ. ಕಳೆದ ಸಲ ಕುಷ್ಟಗಿಯಿಂದ ಬಂದಿದ್ದ ನನ್ನ ತಂಗಿಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಏಳು ವರ್ಷದ ಹುಡುಗಿ, ಐದು ವರ್ಷದ ಹುಡುಗ. ಇಬ್ಬರೂ ಅದರ ಸುತ್ತ ಓಡಾಡಿ "ಇಲ್ಲಿ ಹೊಳಿ, ಇಲ್ಲಿ ಗುಡಿ, ಈ ಕಡಿ ನಮ್ಮ ದೊಡ್ಡವ್ವನ ಊರು" ಎಂದು ಗುರುತು ಹಿಡಿದರು. ಆಮೇಲೆ ಹೊರಗೆ ಎಲ್ಲಿ ಹೋದರೂ ಅವರಿಗೆ ದಿಕ್ಕು ಗೊತ್ತು. ಶುಕ್ರವಾರ ಅದಕ್ಕೆ ರಜೆ, ನೆನಪಿರಲಿ. ಅಲ್ಲಿ ಕೊಂಡ ಟಿಕೆಟ್ಟನ್ನು ಜೋಪಾನವಾಗಿಡಿ; ಅದೇ ದಿನ ಕಮಲ ಮಹಲಿನ ಆವರಣಕ್ಕೂ ವಿಠ್ಠಲ ದೇವಾಲಯಕ್ಕೂ ಅದೇ ನಡೆಯುತ್ತದೆ. ಹದಿನೈದರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ದಾರಿಯಲ್ಲಿ ಅಕ್ಕ-ತಂಗಿ ಗುಡ್ಡವನ್ನು ತೋರಿಸಿ. ಊರು ನೋಡಲು ಬಂದ ಅಕ್ಕ-ತಂಗಿಯರು ಅದು ಸರಿಯಿಲ್ಲ, ಇದು ಸರಿಯಿಲ್ಲ ಎಂದು ಹೀಗಳೆದಿದ್ದಕ್ಕೆ ಕಲ್ಲಾದರೆಂದು ಜನ ಹೇಳುವ ಕಥೆ. ಪ್ರವಾಸಕ್ಕೆ ಬಂದು ಗೊಣಗುವ ಮಕ್ಕಳಿಗೆ, ಅವರ ಅಪ್ಪಂದಿರಿಗೂ, ಆ ದಿನಪೂರ್ತಿ ಸಾಲುವ ಕಥೆ ಇದು!

ಕಲ್ಲಿನ ತಟ್ಟೆ, ಕಲ್ಲಿನ ಕಾಲುವೆ

ರಾಜರ ಆವರಣದ ಬಳಿ ಕಾಲುವೆಯ ಎರಡೂ ಬದಿಗೆ ಸಾಲಾಗಿ ಕಲ್ಲಿನ ತಟ್ಟೆಗಳಿವೆ. ಅನ್ನಕ್ಕೆ ಒಂದು ಗುಂಡಿ, ಪಲ್ಯ, ಸಾರು, ಚಟ್ನಿಗೆ ಬೇರೆ ಬೇರೆ ಸಣ್ಣ ಗುಂಡಿ. ನಮ್ಮ ಪಂಕ್ತಿಯ ಬಾಳೆ ಎಲೆಯ ಹಾಗೆಯೇ. ಹುಡುಗ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು "ದೊಡ್ಡವ್ವಾ, ನೀಡು" ಅಂದ. ಉಂಡ ಮೇಲೆ ಕಾಲುವೆಯ ನೀರು ಪಕ್ಕದಲ್ಲೇ. ಪಾತ್ರೆ ತಿಕ್ಕುವ ಕಷ್ಟ ಬಲ್ಲ ಯಾರೋ ಯೋಚನೆ ಮಾಡಿ ಮಾಡಿಸಿದ್ದಿರಬೇಕು ಎಂದು ನನಗೆ ಅನ್ನಿಸಿತು.

ಅಲ್ಲಿಂದ ಮೆಟ್ಟಿಲು ಪುಷ್ಕರಣಿಗೆ ಹೋಗಿ. ಕಪ್ಪು ಕಲ್ಲಿನ ಈ ಕೊಳ ಮಣ್ಣಿನಡಿ ಹೂತುಹೋಗಿತ್ತು. 1980ರ ದಶಕದಲ್ಲಿ ಅಗೆದಾಗ ಹೊರಬಂತು. ಒಂದೊಂದು ಕಲ್ಲಿನ ಮೇಲೂ ಅದು ಯಾವ ದಿಕ್ಕಿನದು, ಎಷ್ಟನೆಯ ಸಾಲಿನದು ಎಂಬ ಗುರುತು ಕೆತ್ತಿದ್ದಾರೆ. ಎತ್ತರದ ಕಲ್ಲಿನ ಕಾಲುವೆ ಇದಕ್ಕೆ ನೀರು ತರುತ್ತಿತ್ತು. ನೀರು ಹೇಗೆ ಬಂತೆಂದು ಮಕ್ಕಳೇ ಕಾಲುವೆಯ ಜಾಡು ಹಿಡಿದು ಹುಡುಕಲಿ. ಅಂದು ತೋಡಿದ ತುರ್ತು ಕಾಲುವೆ ಇಂದಿಗೂ ಹಂಪಿಯ ಬಾಳೆ, ಭತ್ತಕ್ಕೆ ನೀರುಣಿಸುತ್ತಿದೆ.

ಪಕ್ಕದ ಮಹಾನವಮಿ ದಿಬ್ಬದ ಗೋಡೆಯಲ್ಲಿ ಆನೆ, ಕುದುರೆ, ಒಂಟೆ, ಕುಣಿಯುವವರು, ಬೇಟೆಯಾಡುವವರ ಸಾಲುಗಳಿವೆ. "ಒಂಟೆ ಮೊದಲು ಯಾರಿಗೆ ಸಿಗುತ್ತದೆ?" ಎಂದು ಪಂಥ ಕಟ್ಟಿ. ಹಜಾರ ರಾಮನ ಗುಡಿಯ ಗೋಡೆಯ ಮೇಲೆ ರಾಮಾಯಣವೇ ಇದೆ. ಕಥೆ ಗೊತ್ತಿದ್ದ ಮಕ್ಕಳಿಗೆ ಅದೊಂದು ಚಿತ್ರದ ಪುಸ್ತಕ. ಆ ಗುಡಿಯ ಮುಂದಿನ ಬೀದಿಯ ಹೆಸರು ಪಾನ್ ಸುಪಾರಿ ಬಜಾರು. ಎಲೆ ಅಡಿಕೆಗೇ ಒಂದು ಬೀದಿ!

ಕಮಲ ಮಹಲಿನ ಆವರಣ ರಾಣಿವಾಸವೆಂದು ಹೆಸರಾಗಿದೆ. ಹೆಣ್ಣುಮಕ್ಕಳಿದ್ದವರು ಅಲ್ಲಿ ಈ ಮಾತು ಹೇಳಿ: 1535ರ ಸುಮಾರಿಗೆ ಬಂದಿದ್ದ ನ್ಯೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ, ಈ ಅರಮನೆಯೊಳಗೆ ಲೆಕ್ಕ ಬರೆಯುವ, ಕಾವಲು ಕಾಯುವ, ಜ್ಯೋತಿಷ ಹೇಳುವ, ಕುಸ್ತಿ ಹಿಡಿಯುವ ಹೆಂಗಸರೂ ಇದ್ದರೆಂದು ಬರೆದಿದ್ದಾನೆ. ಅದರ ಹತ್ತಿರವೇ ಹನ್ನೊಂದು ಕೋಣೆಗಳ ಆನೆ ಲಾಯ. ಒಂದು ಕೋಣೆಯೊಳಗೆ ನಿಂತು ಮಕ್ಕಳು ಮೇಲೆ ನೋಡಲಿ. ಆನೆ ಎಷ್ಟು ದೊಡ್ಡದೆಂದು ಪುಸ್ತಕಕ್ಕಿಂತ ಅಲ್ಲಿ ಚೆನ್ನಾಗಿ ತಿಳಿಯುತ್ತದೆ.

ಎರಡನೆಯ ದಿನ: ಸಾಸಿವೆ, ಕಡಲೆ

ಎರಡನೆಯ ಸಲ ಬಂದಾಗ ವಿರೂಪಾಕ್ಷನಿಂದ ಆರಂಭಿಸಿ. ಗುಡಿಯ ಹಿಂಬದಿಯ ಕತ್ತಲೆ ಕೋಣೆಯಲ್ಲಿ ಎದುರಿನ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಬೆಳಕು ಸಣ್ಣ ಕಿಂಡಿಯಿಂದ ನೇರವಾಗಿ ಹಾಯುವುದರಿಂದ ಹೀಗಾಗುತ್ತದೆ. ಮನೆಗೆ ಬಂದ ಮೇಲೆ ಚಪ್ಪಲಿಯ ಖಾಲಿ ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಎದುರು ಬದಿಗೆ ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ, ಕತ್ತಲೆಯಲ್ಲಿ ದೀಪದ ಕಡೆ ಹಿಡಿಯಿರಿ. ದೀಪವೂ ತಲೆಕೆಳಗಾಗಿ ಕಾಣುತ್ತದೆ.

ಹೇಮಕೂಟದ ಬದಿಯಲ್ಲಿ ಕಡಲೆಕಾಳು ಗಣಪ, ಸಾಸಿವೆಕಾಳು ಗಣಪ. ಹೆಸರು ಕೇಳಿ ಮಕ್ಕಳು ನಕ್ಕೇ ನಗುತ್ತಾರೆ, ಏಕೆಂದರೆ ಕಡಲೆಕಾಳು ಗಣಪ ಹದಿನೈದು ಅಡಿ ಎತ್ತರ! ಸಾಸಿವೆಕಾಳು ಗಣಪನನ್ನು ಮುಂದಿನಿಂದ ಮಾತ್ರ ನೋಡಿ ಬರಬೇಡಿ. ಬೆನ್ನ ಹಿಂದಕ್ಕೆ ಹೋಗಿ. ಅಲ್ಲಿ ತಾಯಿ ಪಾರ್ವತಿಯ ಬೆನ್ನು, ಜಡೆ ಕೆತ್ತಿದ್ದಾರೆ. ಅಂದರೆ ಗಣಪ ಅವ್ವನ ತೊಡೆಯ ಮೇಲೆ ಕೂತಿದ್ದಾನೆ. ಎದುರಿನಿಂದ ನೋಡಿದವರಿಗೆ ಅವ್ವ ಕಾಣುವುದೇ ಇಲ್ಲ. ಇದನ್ನು ನೋಡಿ ನಾನೂ ತಂಗಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಮುಂದೆ 1528ರ ಉಗ್ರನರಸಿಂಹ, ಅದರ ಮಗ್ಗುಲಲ್ಲೇ ನೀರಿನಲ್ಲಿ ನಿಂತ ಬಡವಿ ಲಿಂಗ. ಬಡ ಹೆಂಗಸೊಬ್ಬಳು ಮಾಡಿಸಿದ್ದೆಂದು ಪ್ರತೀತಿ. ವಿಠ್ಠಲ ದೇವಾಲಯಕ್ಕೆ ಹೋಗುವಾಗ ಐವತ್ತು ರೂಪಾಯಿಯ ನೋಟು ಮಕ್ಕಳ ಕೈಗೆ ಕೊಡಿ. ನೋಟಿನ ಮೇಲಿನ ಕಲ್ಲಿನ ರಥ ಕಣ್ಣೆದುರು ಬಂದಾಗ ಅವರ ಮುಖ ನೋಡಬೇಕು! ಗುಡಿಯವರೆಗೆ ಬ್ಯಾಟರಿ ಗಾಡಿಗಳಿವೆ, ಮಕ್ಕಳನ್ನು ಎತ್ತಿಕೊಂಡು ನಡೆಯಬೇಕಿಲ್ಲ.

ಹೊಳೆಯ ವಿಷಯದಲ್ಲಿ ಸಲಿಗೆ ಬೇಡ

ತುಂಗಭದ್ರೆ ನೋಡಲು ಶಾಂತ. ಆದರೆ ಬಂಡೆಗಳ ನಡುವೆ ಸುಳಿಗಳಿವೆ, ಮೊಸಳೆಗಳೂ ಇವೆ. ಮೇಲೆ ಅಣೆಕಟ್ಟಿನ ಗೇಟು ತೆಗೆದರೆ ನೀರು ಏರುತ್ತದೆ. "ಪಾದ ಮಾತ್ರ ತೊಯ್ಸಿಕೊಂಡು ಬರ್ತೀವಿ" ಎಂದು ಮಕ್ಕಳು ಎಷ್ಟು ಗೋಗರೆದರೂ ಕೈ ಬಿಡಬೇಡಿ. ಆನೆಗೊಂದಿಗೆ ದೋಣಿಯಲ್ಲಿ ದಾಟುವುದಾದರೆ ಮಕ್ಕಳಿಗೆ ತೇಲುವ ಜಾಕೀಟು ತೊಡಿಸಿದ ಮೇಲೆಯೇ ಕಾಲಿಡಿ. ಮಳೆಗಾಲದಲ್ಲಿ, ಹೊಳೆ ತುಂಬಿದಾಗ, ದೋಣಿ, ಹರಿಗೋಲು ಯಾವುದೂ ಬೇಡ. ಸೇತುವೆಯ ದಾರಿಯೇ ಸರಿ.

ಆನೆಗೊಂದಿ ನಮ್ಮ ಗಂಗಾವತಿ ತಾಲ್ಲೂಕಿನದೇ. ಹಂಪಿಗಿಂತ ಹಳೆಯ ರಾಜಧಾನಿ. ಅಲ್ಲಿಯ ಹೆಂಗಸರು ಬಾಳೆಯ ನಾರಿನಿಂದ ಚೀಲ, ಬುಟ್ಟಿ ಹೆಣೆಯುತ್ತಾರೆ. ಅಂಜನಾದ್ರಿಗೆ 575 ಮೆಟ್ಟಿಲು. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಒಬ್ಬರು ಕೆಳಗೇ ಉಳಿಯುವುದು ಮೇಲು.

"ಈ ಊರಿನ ಮಂದಿ ಎಲ್ಲಿ ಹೋದ್ರು?"

ಈ ಪ್ರಶ್ನೆ ಒಂದಲ್ಲ ಒಂದು ಕಡೆ ಬಂದೇ ಬರುತ್ತದೆ. ನಮ್ಮ ಹುಡುಗಿ ಆನೆ ಲಾಯದ ಮುಂದೆ ಕೇಳಿದಳು. ನಾನು ಉತ್ತರ ಹೇಳುವ ಮೊದಲೇ ಪಕ್ಕದಲ್ಲಿದ್ದ ಯಾರೋ "ಅವರು ಬಂದು ಎಲ್ಲಾ ಒಡೆದು ಹಾಕಿದರು" ಎಂದರು. "ಅವರು" ಎಂದರೆ ಯಾರೆಂದು ಹುಡುಗಿ ನನ್ನ ಮುಖ ನೋಡಿದಳು. ಅವಳ ತರಗತಿಯಲ್ಲಿ ಅವಳ ಪಕ್ಕ ಕೂರುವ ಗೆಳತಿ ಮುಸಲ್ಮಾನರ ಹುಡುಗಿ.

ನಾನು ಅವಳಿಗೆ ನಡೆದದ್ದನ್ನೇ ಹೇಳಿದೆ. 1565ರ ಜನವರಿಯಲ್ಲಿ ದೊಡ್ಡ ಯುದ್ಧವಾಯಿತು. ದಖನಿನ ಸುಲ್ತಾನರು ಒಂದಾಗಿ ಬಂದರು, ಅಳಿಯ ರಾಮರಾಯ ಸತ್ತ, ಸೋತ ಸುದ್ದಿ ಬಂದ ಮೇಲೆ ರಾಜಮನೆತನದವರು ಪೆನುಕೊಂಡೆಗೆ ಹೋದರು. ಊರು ಲೂಟಿಯಾಯಿತು, ಉರಿಯಿತು. ಮಂದಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಇದು ಸುಳ್ಳಲ್ಲ, ಮುಚ್ಚಿಡುವುದೂ ಬೇಡ. ಆದರೆ ಇದೇ ಊರಿನಲ್ಲಿ 1439ರಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ ತನ್ನ ದೊರೆ ಇಮ್ಮಡಿ ದೇವರಾಯನಿಗೆ ಪುಣ್ಯ ಬರಲೆಂದು ಧರ್ಮಶಾಲೆ ಕಟ್ಟಿಸಿದ; ಅದರ ಶಾಸನವಿದೆ. ಅದೇ ದೇವರಾಯ 1426ರಲ್ಲಿ ಎಲೆ ಅಡಿಕೆಯ ಬೀದಿಯಲ್ಲಿ ಜೈನರಿಗೆ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಅವಳು ನಿಂತಿದ್ದ ಆನೆ ಲಾಯದ ಗುಮ್ಮಟಗಳೂ ಆ ಕೂಡಿ ಬಾಳಿದ ಕಾಲದವೇ. ಒಂದು ಅರ್ಧ ಹೇಳಿ ಇನ್ನೊಂದು ಅರ್ಧ ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಊರಲ್ಲ, ಬರೀ ಸಿಟ್ಟು.

ಊರು ಬಿಡುವುದೆಂದರೇನು ಎಂಬುದು ನಮ್ಮ ಕಡೆಯ ಮಕ್ಕಳಿಗೆ ಹೇಳಲು ಕಷ್ಟವಿಲ್ಲ. 1945ರಲ್ಲಿ ಆರಂಭವಾಗಿ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯುವ ಹೊತ್ತಿಗೆ ಎಷ್ಟೋ ಹಳ್ಳಿಗಳು ನೀರೊಳಗೆ ಹೋದವು. ಆ ನೀರಿನಿಂದಲೇ ಗಂಗಾವತಿಯ ಗದ್ದೆ ಹಸಿರಾಯಿತು, ನಿಮ್ಮ ಮನೆಯ ಅಕ್ಕಿಯೂ ಬಂತು. "ನಿನ್ನ ಅವ್ವನ ಅಜ್ಜಿಯೂ ಹೀಗೇ ಮನೆ ಬಿಟ್ಟು ಬಂದಾಕಿ" ಎಂದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಆಕಿ ತಟ್ಟೆ ತಂದಿದ್ಲೇನು?" ಎಂದು ಕೇಳಿದಳು.

ಬುತ್ತಿಗೆ ಏನು ಕಟ್ಟಬೇಕು?

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ದಿನಕ್ಕೂ ಕೆಡುವುದಿಲ್ಲ. ಮಕ್ಕಳಿಗೆ ಮಾದಲಿ ಒಳ್ಳೆಯದು. ಕೈಗೆ ಅಂಟುವುದಿಲ್ಲ, ಹೊಟ್ಟೆ ತುಂಬುತ್ತದೆ. ಮೊಸರನ್ನ ಒಯ್ಯುವುದಾದರೆ ಅನ್ನಕ್ಕೆ ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿ. ಮಧ್ಯಾಹ್ನಕ್ಕೆ ಹದವಾಗಿರುತ್ತದೆ, ಹುಳಿಯಾಗುವುದಿಲ್ಲ. ಕಾಯಿಸಿ ಆರಿಸಿದ ನೀರು ಮನೆಯಿಂದಲೇ. ತಲೆಗೆ ಟೊಪ್ಪಿಗೆ, ಒಂದು ಜೊತೆ ಹೆಚ್ಚಿನ ಬಟ್ಟೆ, ಗುಡಿಯ ಅಂಗಳಕ್ಕೆ ಕಾಲುಚೀಲ. ವಿರೂಪಾಕ್ಷ, ಅಂಜನಾದ್ರಿಯ ಕೋತಿಗಳು ಚೀಲವನ್ನೇ ಕಸಿಯುತ್ತವೆ. ತಿಂಡಿ ಮಕ್ಕಳ ಕೈಯಲ್ಲಿ ಕೊಡಬೇಡಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರು ಬರೆದ ಚೀಟಿ ಇರಲಿ.

ಮಧ್ಯಾಹ್ನದ ಊಟವಾದ ಮೇಲೆ ಯಾವುದಾದರೂ ಮಂಟಪದ ನೆರಳಿನಲ್ಲಿ ಒಂದು ಗಂಟೆ ಚಾದರ ಹಾಸಿ. ಮಕ್ಕಳು ನಿದ್ದೆ ಹೋದರೆ ಅವರ ಅಪ್ಪನನ್ನು ಕಾವಲಿಗೆ ಕೂರಿಸಿ, ನೀವೊಬ್ಬರೇ ಎದ್ದು ನಾಲ್ಕು ಹೆಜ್ಜೆ ನಡೆದು ನೋಡಿ ಬನ್ನಿ. ಮಕ್ಕಳಿಗೆ ತೋರಿಸುವುದರಲ್ಲೇ ನಮ್ಮ ನೋಟ ಮುಗಿದುಹೋಗಬಾರದು. ಈ ಊರು ನಿಮ್ಮದೂ ಹೌದು.