ಮೇಲುಕೋಟೆಯಲ್ಲಿ ಅಮ್ಮ ನೋಡಿದ ಚಂದ್ರ

ಹೋದ ವರ್ಷ ಒಂದು ಹುಣ್ಣಿಮೆ ರಾತ್ರಿ, ಬೆಂಗಳೂರಿನ ನಮ್ಮ ಮನೆ ತಾರಸಿಯಲ್ಲಿ ಅಮ್ಮನಿಗೆ ಟೆಲಿಸ್ಕೋಪಿನಲ್ಲಿ ಚಂದ್ರನನ್ನು ತೋರಿಸಿದ್ದೆ. ಬಗ್ಗಿ ಅರ್ಧ ನಿಮಿಷ ನೋಡಿ, "ಚೆನ್ನಾಗಿದೆ ಕಣೋ" ಅಂದು ಸೊಂಟ ಹಿಡಿದುಕೊಂಡು ಕೆಳಗಿಳಿದಳು. ಅವಳಿಗೆ ಏನೂ ಕಂಡಿರಲಿಲ್ಲ, ನನಗೆ ಬೇಜಾರಾಗದಿರಲಿ ಅಂತ ಹಾಗಂದಿದ್ದಳು. ಇದು ಆಮೇಲೆ ತಂಗಿಯಿಂದ ಗೊತ್ತಾಯಿತು.

ತಪ್ಪು ನನ್ನದೇ. ಹುಣ್ಣಿಮೆ ಚಂದ್ರನ ಮೇಲೆ ಬಿಸಿಲು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಕಣ್ಣು ಕುಕ್ಕುತ್ತದೆ ಅಷ್ಟೇ. ಸಾಲದ್ದಕ್ಕೆ, ಫೋಕಸ್ ನನ್ನ ಕಣ್ಣಿಗೆ ಹೊಂದಿಸಿದ್ದು.

ಈ ಸಲ ಸಂಕ್ರಾಂತಿ ಕಳೆದ ಮೇಲೆ, ಶುಕ್ಲ ನವಮಿಯಂದು ಮೇಲುಕೋಟೆಗೆ ಹೊರಟೆವು. ಕಾರಿನ ಡಿಕ್ಕಿಯಲ್ಲಿ 70 ಮಿಲಿಮೀಟರಿನ ಟೆಲಿಸ್ಕೋಪ್, ಜೊತೆಗೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿ. ಚೆಲುವನಾರಾಯಣನ ದರ್ಶನ, ಪುಳಿಯೋಗರೆ ಎಲ್ಲ ಆಯ್ತು. ಯೋಗನರಸಿಂಹನ ಬೆಟ್ಟಕ್ಕೆ ಅಮ್ಮ ಕೆಳಗಿನಿಂದಲೇ ಕೈಮುಗಿದಳು. ಮೆಟ್ಟಿಲು ಹತ್ತಲು ಮಂಡಿ ಬಿಡುವುದಿಲ್ಲ.

ಸಂಜೆ ಚಂದ್ರ ನೆತ್ತಿಯ ಹತ್ತಿರವಿದ್ದ. ಆಗ ಕಣ್ಣಿಡುವ ತುದಿ ತೀರಾ ಕೆಳಗಿರುತ್ತದೆ. ಹಾಗಾಗಿ ಊಟ ಮುಗಿಸಿ, ಹತ್ತು ಗಂಟೆಗೆ ಅವನು ಪಶ್ಚಿಮಕ್ಕೆ ವಾಲಿದ ಮೇಲೆ ತಂಗಿದ್ದ ಮನೆಯಂಗಳದಲ್ಲಿ ಕುರ್ಚಿ ಹಾಕಿದೆ. ಅಮ್ಮ ಶಾಲು ಹೊದ್ದು ಕೂತಳು. ಅವಳ ಕಣ್ಣಿನ ಎತ್ತರಕ್ಕೆ ಸ್ಟ್ಯಾಂಡ್ ಹೊಂದಿಸಿದೆ. ಅಂಗಳದ ದೀಪ ಆರಿಸಲಿಲ್ಲ. ಸುತ್ತ ಸ್ವಲ್ಪ ಬೆಳಕಿದ್ದರೆ ಚಂದ್ರ ಅಷ್ಟು ಕುಕ್ಕುವುದಿಲ್ಲ. ಕನ್ನಡಕ ತೆಗೆಸಿ, ಫೋಕಸ್ ತಿರುಪು ಅವಳ ಕೈಗೇ ಕೊಟ್ಟೆ.

ಒಂದು ನಿಮಿಷ ಮಾತಿಲ್ಲ. ಎದೆ ಧಸಕ್ಕೆಂದಿತು.

"ಕತ್ತಲೆ ಅಂಚಲ್ಲಿ ಸಾಲಾಗಿ ಮೂರು ಗುಳಿ ಇದೆಯಲ್ಲೋ, ಪಡ್ಡಿನ ಹೆಂಚಿನ ಥರ!"

ಈ ಸಲ ಸುಳ್ಳಲ್ಲ. ಅವು ಟಾಲೆಮಿಯಸ್, ಅಲ್ಫಾನ್ಸಸ್, ಅರ್ಜಾಕೆಲ್ ಎಂಬ ಕುಳಿಗಳು. ಬೆಳಕು-ಕತ್ತಲೆಯ ಗೆರೆ ಹತ್ತಿರವಿರುವಾಗ ಓರೆ ಬಿಸಿಲಿಗೆ ಅವುಗಳ ಅಂಚಿನ ನೆರಳು ಚಾಚಿಕೊಳ್ಳುತ್ತದೆ. ದೊಡ್ಡದರ ಅಗಲ ಸುಮಾರು 150 ಕಿಲೋಮೀಟರ್, ಹೆಚ್ಚುಕಡಿಮೆ ನಾವು ಬೆಂಗಳೂರಿಂದ ಬಂದ ದಾರಿಯಷ್ಟು.

ಭೂಮಿ ತಿರುಗುವುದರಿಂದ ಎರಡು ನಿಮಿಷಕ್ಕೆ ಚಂದ್ರ ತನ್ನ ಅಗಲದಷ್ಟು ಸರಿದುಬಿಡುತ್ತಾನೆ. "ಹೋದ, ಹೋದ!" ಅಂತ ಅಮ್ಮ ಕರೆದಾಗೆಲ್ಲ ನಾನು ಸರಿಪಡಿಸುತ್ತಿದ್ದೆ.

ಅರ್ಧ ಗಂಟೆಯಾದ ಮೇಲೆ, "ನನಗೂ ಸ್ವಲ್ಪ ಬಿಡಮ್ಮ" ಅಂದೆ.

"ತಾಳೋ, ಈಗ ತಾನೇ ಕಾಣಿಸ್ತಿದೆ" ಅಂದಳು.